ಹತ್ತೊಂಬತ್ತು ಖಾಲಿ ದಿನಗಳು

ರಾಯಚೂರು
12 ನವೆಂಬರ್ 2006

ಚಿ. ಪ್ರಾಣೇಶನಿಗೆ ಅಕ್ಕ ಮಂದಾಕಿನಿಯ ಆಶೀರ್ವಾದ.

ದೀಪಾವಳಿಗೆ ಬರುತ್ತೇನೆಂದವನು ಬರಲಿಲ್ಲ. ಪ್ರಫುಲ್ಲಾ ಕೆಳಗಿನ ಮನೆಯವರ ಫೋನಿಗೆ ಮಾತಾಡಿ ಏನೋ ಕಾರಣ ಹೇಳಿದಳು. ನಿನ್ನ ಹೆಂಡತಿಯ ದನಿ ಕೇಳಿಸಿತು, ಮಾತು ಕೇಳಿಸಲಿಲ್ಲ. ಫೋನಿನ ಮಟ್ಟಿಗೆ ನನ್ನ ಕಿವಿ ನನಗಿಂತ ಮೊದಲೇ ರಿಟೈರ್ ಆಗಿದೆ. ಅದಕ್ಕೇ ಕಾಗದ ಬರೆ ಎಂದು ಪೀಡಿಸುವುದು.

ಈಗ ಒಂದು ಕೆಲಸ ಹೇಳುತ್ತೇನೆ. ಶಿವದೇವಿ ಎಂದು ನನ್ನ ಹಳೆಯ ವಿದ್ಯಾರ್ಥಿನಿ. ಲೆಕ್ಕದಲ್ಲಿ ಚುರುಕಾಗಿದ್ದಳು. ಹೈದರಾಬಾದಿಗೆ ಮದುವೆಯಾಗಿ ಹೋದವಳು. ಗಂಡ ವೈಜನಾಥನದು ಶಾಂತಿವನ ಕಾಲೊನಿಯಲ್ಲಿ ಕಿರಾಣಿ ಅಂಗಡಿ, ಇವಳದು ಮನೆಯಲ್ಲಿ ಹೊಲಿಗೆ ಯಂತ್ರ. ಆಗಸ್ಟ್ ಎರಡರ ಸಂಜೆ ಮಳೆನೀರು ನಿಂತ ಗಲ್ಲಿಯಲ್ಲಿ ಬರುವಾಗ, ಮುಚ್ಚಳವಿಲ್ಲದ ಮೋರಿ ಗುಂಡಿಗೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾಳೆ. ಆಪರೇಷನ್ ಆಗಿ ಈಗ ಇಲ್ಲಿ ತಾಯಿಯ ಮನೆಯಲ್ಲಿದ್ದಾಳೆ. ಭಾನುವಾರಕ್ಕೊಮ್ಮೆ ಕೋಲು ಊರಿಕೊಂಡು ನಮ್ಮ ಹನ್ನೊಂದು ಮೆಟ್ಟಿಲು ಹತ್ತಿ ಬರುತ್ತಾಳೆ. ಕೆಳಗೇ ಇರು, ನಾನು ಇಳಿದು ಬರುತ್ತೇನೆ ಎಂದರೆ ಕೇಳುವುದಿಲ್ಲ.

ಆ ಗುಂಡಿಯ ಮುಚ್ಚಳವನ್ನು ಕೊನೆಯ ಸಲ ಯಾವಾಗ ನೋಡಿದ್ದಿರಿ ಎಂದು ವೈಜನಾಥ ಮಾಹಿತಿ ಹಕ್ಕಿನ ಕೆಳಗೆ ಮುನಿಸಿಪಾಲಿಟಿಯನ್ನು ಕೇಳಿದ. ಹೊಸ ಕಾನೂನು ಬಂದಿದೆಯಲ್ಲ, ಉತ್ತರ ಕೊಡಲೇಬೇಕು. ಕೊಟ್ಟರು. ಒಂದು ವರ್ಷದ ತಪಾಸಣೆ ರಿಜಿಸ್ಟರಿನ ನಕಲನ್ನೇ ಕೊಟ್ಟರು. ಜುಲೈ 31ರ ಸಾಲಿನಲ್ಲಿ ಶಾಂತಿವನದ ಎಲ್ಲ ಮುಚ್ಚಳಗಳೂ ಸರಿಯಾಗಿವೆ ಎಂದು ಬರೆದಿದೆ. ಎರಡೇ ದಿನಕ್ಕೆ ಮುಚ್ಚಳ ಎಲ್ಲಿ ಹೋಯಿತೋ. ಕೊನೆಗೆ, ಪಾದಚಾರಿಯ ಅಜಾಗರೂಕತೆಗೆ ಕಚೇರಿ ಹೊಣೆಯಲ್ಲ ಎಂದು ಒಂದು ವಾಕ್ಯ.

ಅವಳು ಪರಿಹಾರ ಕೇಳುತ್ತಿಲ್ಲ. ಅವಳ ಮಾತನ್ನೇ ಬರೆಯುತ್ತೇನೆ. "ಬಾಯಾರ, ಮುಚ್ಚಳ ಇರಲಿಲ್ಲ ಅಂತ ಅವರ ಕೈಲೇ ಬರಸ್ರಿ. ನನಗ ಮತ್ತೇನೂ ಬ್ಯಾಡ." ನಾನು ಪಾಠ ಬಿಟ್ಟರೂ ಅವಳಿಗೆ ಇನ್ನೂ ಬಾಯಾರೇ.

ನೀನು ಅದೇ ಆಫೀಸಿನಲ್ಲಿ ಮೂವತ್ತು ವರ್ಷ ಸವೆಸಿದವನು. ಆ ರಿಜಿಸ್ಟರ್ ಬರೆದ ಪುಣ್ಯಾತ್ಮ ಯಾರು ಎಂದು ಸ್ವಲ್ಪ ವಿಚಾರಿಸು. ಒಳ್ಳೆಯ ಮಾತಿನಲ್ಲಿ ಕೇಳಿದರೆ ಒಪ್ಪಿಕೊಂಡಾನು.

ಮಂಡಿನೋವು ಹೇಗಿದೆ? ಎಳ್ಳೆಣ್ಣೆ ಹಚ್ಚುತ್ತೀಯೋ ಇಲ್ಲವೋ.

ಮಂದಾಕಿನಿ


ಕಾಚಿಗೂಡ, ಹೈದರಾಬಾದ್
9 ಡಿಸೆಂಬರ್ 2006

ಅಕ್ಕನಿಗೆ ಪ್ರಾಣೇಶನ ನಮಸ್ಕಾರಗಳು.

ಕಾಗದ ಸಮಯಕ್ಕೇ ಬಂದಿತ್ತು. ಉತ್ತರಿಸಲು ತಡವಾಯಿತು. ಆಫೀಸಿನಲ್ಲಿ ಈಗ ಎಲ್ಲರ ಟೇಬಲಿನ ಮೇಲೂ ಅರ್ಜಿಗಳೇ. ರಸ್ತೆ ಯಾಕೆ ಅಗೆದಿರಿ, ಕಸದ ಗಾಡಿ ಎಷ್ಟು, ದೀಪ ಯಾಕೆ ಹತ್ತಿಲ್ಲ. ಮೊದಲು ಬೈದು ಹೋಗುತ್ತಿದ್ದರು. ಬೈದವರು ಸಂಜೆಗೆ ಮರೆಯುತ್ತಿದ್ದರು, ನಾವೂ ಮರೆಯುತ್ತಿದ್ದೆವು. ಈಗ ಬರೆದು ಕೇಳುತ್ತಾರೆ, ಮೂವತ್ತು ದಿನದಲ್ಲಿ ಬರೆದು ಕೊಡಬೇಕು. ಕೇಳುವವರದು ತಪ್ಪೆಂದು ಹೇಳುತ್ತಿಲ್ಲ. ಆದರೆ ಪ್ರಶ್ನೆ ಬಂದ ದಿನ ಯಾರೂ ಎದ್ದು ಬೀದಿಗೆ ಹೋಗಿ ನೋಡುವುದಿಲ್ಲ. ಎಲ್ಲರೂ ಬೀರು ತೆಗೆದು ಕಾಗದ ಹುಡುಕುತ್ತಾರೆ.

ಶಿವದೇವಿಯ ವಿಷಯ ಓದಿ ಬೇಸರವಾಯಿತು. ನಾನೀಗ ತೆರಿಗೆ ವಿಭಾಗದಲ್ಲಿದ್ದೇನೆ. ಮೋರಿ, ಮುಚ್ಚಳ ನನ್ನ ಕಡೆ ಇಲ್ಲ. ವಿಚಾರಿಸಿದರೆ ಇವನಿಗೇಕೆ ಎನ್ನುತ್ತಾರೆ. ಆಕೆಗೆ ಸಮಾಧಾನ ಹೇಳು. ಲಿಖಿತವಾಗಿ ಬಂದದ್ದನ್ನು ಅಳಿಸುವುದು ಕಷ್ಟ.

ಮಂಡಿ ಇದ್ದ ಹಾಗೇ ಇದೆ. ಎಣ್ಣೆ ಪ್ರಫುಲ್ಲಾ ಹಚ್ಚುತ್ತಾಳೆ. ರಿಟೈರ್ ಆಗಲು ಇನ್ನು ಎರಡು ವರ್ಷ. ಆಮೇಲೆ ನಿನ್ನ ಹತ್ತಿರ ಬಂದು ಒಂದು ತಿಂಗಳು ಇರುತ್ತೇನೆ.

ಪ್ರಾಣೇಶ


ರಾಯಚೂರು
20 ಡಿಸೆಂಬರ್ 2006

ಪ್ರಾಣೇಶ,

ತೆರಿಗೆ ವಿಭಾಗಕ್ಕೆ ಹೋದದ್ದು ಒಳ್ಳೆಯದಾಯಿತು. ಬಿಸಿಲಲ್ಲಿ ಸುತ್ತುವುದು ತಪ್ಪಿತು. ಇದನ್ನು ಮೊದಲೇ ಹೇಳಬಾರದಿತ್ತೇ, ಪ್ರಫುಲ್ಲಾ ಕೂಡ ಹೇಳಲಿಲ್ಲ.

ಶಿವದೇವಿ ನನ್ನಿಂದ ಒಂದು ಮಾತು ಮುಚ್ಚಿಟ್ಟಿದ್ದಳು. ಮೊನ್ನೆ ಹೊರಬಿತ್ತು. ಗಂಡ ದೀಪಾವಳಿಗೆ ಅವಳನ್ನು ಇಲ್ಲಿ ಬಿಟ್ಟು ಹೋದವನು ತಿರುಗಿ ಬಂದಿಲ್ಲ. ಮೊದಲು ಅವಳ ಪರವಾಗಿ ಓಡಾಡಿದವನು ಅವನೇ. ಆ ರಿಜಿಸ್ಟರ್ ಬಂದ ಮೇಲೆ ಅವನ ಅಣ್ಣ ಅತ್ತಿಗೆ ಎಲ್ಲ ಓದಿದರು. ಸರ್ಕಾರದವರು ದಿನಾ ನೋಡಿ ಬರೆದಿದ್ದಾರೆ, ಮುಚ್ಚಳ ಹೋದದ್ದು ಆಮೇಲೆ, ಇವಳೇ ಮೊಬೈಲಿನಲ್ಲಿ ಮಾತಾಡುತ್ತಾ ಎಲ್ಲೋ ಮೆಟ್ಟಿಲಲ್ಲಿ ಬಿದ್ದು ಕಥೆ ಕಟ್ಟಿದ್ದಾಳೆ ಎಂದರು. ಅವನೂ ಒಂದು ದಿನ ಇವಳನ್ನು ಕೇಳಿದನಂತೆ. "ಖರೇ ಹೇಳು, ಮುಚ್ಚಳ ಇರಲಿಲ್ಲೇನು?" ಕಟ್ಟಿಕೊಂಡ ಗಂಡ ಹಾಗೆ ಕೇಳಿದ ಮೇಲೆ ಏನು ಹೇಳುವುದು ಬಾಯಾರ ಎಂದಳು.

ಸಮಾಧಾನ ಹೇಳು ಎಂದು ಬರೆದಿದ್ದೀಯ. ನಾನು ಗಣಿತ ಕಲಿಸಿದವಳು, ಸಮಾಧಾನ ಕಲಿಸಿದವಳಲ್ಲ. ನಕಲು ಪ್ರತಿಗಳನ್ನು ಇಟ್ಟುಕೊಂಡಿದ್ದೇನೆ. ತೆಲುಗು ಅಕ್ಷರ ಕೂಡಿಸಿ ಓದಲು ಬರುತ್ತದೆ. ಉತ್ತರಪತ್ರಿಕೆ ತಿದ್ದುವ ಹಾಗೆ ಸಾಲುಸಾಲಾಗಿ ತಿದ್ದುತ್ತೇನೆ. ಪಕ್ಕದವಳದನ್ನು ನೋಡಿ ಬರೆದ ಹುಡುಗಿಯರನ್ನು ನಾನು ಎಷ್ಟು ಹಿಡಿದಿಲ್ಲ? ಈ ಗುಮಾಸ್ತನನ್ನೂ ಹಿಡಿಯುತ್ತೇನೆ. ಒಬ್ಬಳ ಸಂಸಾರದ ಮೇಲೆ ಕಲ್ಲು ಹಾಕಿ ಇವನು ಹೇಗೆ ಊಟ ಮಾಡುತ್ತಾನೋ.

ಮಂದಾಕಿನಿ


ಕಾಚಿಗೂಡ
6 ಜನವರಿ 2007

ಅಕ್ಕನಿಗೆ ನಮಸ್ಕಾರಗಳು.

ನಿನಗೆ ಕಣ್ಣಿನ ಪೊರೆ ತೆಗೆಸಿ ವರ್ಷವೂ ಆಗಿಲ್ಲ. ಆ ಸಣ್ಣ ಅಕ್ಷರಗಳ ಮೇಲೆ ಕಣ್ಣು ಹಾಳು ಮಾಡಿಕೊಳ್ಳಬೇಡ. ಅದರಲ್ಲಿ ನಿನಗೇನೂ ಸಿಗುವುದಿಲ್ಲ. ಅಂಥ ರಿಜಿಸ್ಟರುಗಳಲ್ಲಿ ತಪ್ಪು ಇರುವುದಿಲ್ಲ. ತಪ್ಪು ಇರಬಾರದೆಂದೇ ಅವನ್ನು ಬರೆಯುವುದು.

ವೈಜನಾಥ ಹಾಗೆ ಮಾಡುತ್ತಾನೆಂದು ಯಾರಿಗೆ ತಾನೇ ಗೊತ್ತಿರುತ್ತದೆ? ಅರ್ಜಿ ಹಾಕಿದವನು ಅವನು, ಉತ್ತರವನ್ನು ನಂಬಿದವನೂ ಅವನೇ. ಕಚೇರಿಯವರು ಆಫೀಸು ಉಳಿಸಿಕೊಳ್ಳಲು ಬರೆಯುತ್ತಾರೆ, ಯಾರ ಮನೆ ಮುರಿಯಲೂ ಬರೆಯುವುದಿಲ್ಲ. ಬರೆದವನ ಮೇಲೆ ಅಷ್ಟು ಕೋಪ ಬೇಡ. ಅವನ ಮೇಲೂ ಒಬ್ಬರು ಇರುತ್ತಾರೆ.

ಸಂಕ್ರಾಂತಿಗೆ ಬರಲಾಗುವುದಿಲ್ಲ. ಪ್ರಫುಲ್ಲಾ ಎಳ್ಳು ಕಳಿಸುತ್ತಾಳೆ.

ಪ್ರಾಣೇಶ


ರಾಯಚೂರು
28 ಜನವರಿ 2007

ಪ್ರಾಣೇಶ,

ಎಳ್ಳು ಬಂತು. ಇನ್ನೂ ಬಿಚ್ಚಿಲ್ಲ.

ತಿದ್ದುವುದು ಮುಗಿಯಿತು. ವರ್ಷಕ್ಕೆ ಮುನ್ನೂರ ಅರವತ್ತೈದು ದಿನ. ರಿಜಿಸ್ಟರಿನಲ್ಲಿ ತಪಾಸಣೆ ಬರೆದ ದಿನಗಳು ಇನ್ನೂರ ಅರವತ್ತನಾಲ್ಕು. ಖಾಲಿ ಬಿಟ್ಟದ್ದು ನೂರ ಒಂದು. ಅದರಲ್ಲಿ ಭಾನುವಾರ, ಎರಡನೇ ಶನಿವಾರ, ಹಬ್ಬದ ರಜೆ ಎಲ್ಲ ಕಳೆದೆ. ಹತ್ತೊಂಬತ್ತು ದಿನ ಉಳಿದವು. ಅವು ಕೆಲಸದ ದಿನಗಳು, ಆದರೂ ಖಾಲಿ. ಮಳೆಯೂ ಇಲ್ಲ, ಬಂದ್ ಕೂಡ ಇಲ್ಲ. ಒಮ್ಮೆ ಮಂಗಳವಾರ, ಒಮ್ಮೆ ಶುಕ್ರವಾರ, ಯಾವ ಕ್ರಮವೂ ಕಾಣಲಿಲ್ಲ. ಹದಿನೈದು ದಿನ ತಲೆ ಕೆಡಿಸಿಕೊಂಡೆ.

ಮೊನ್ನೆ ಏಕಾದಶಿಯ ದಿನ ಹಸಿವು ಮರೆತುಹೋಗಲಿ ಎಂದು ಹಳೆಯ ಪಂಚಾಂಗ ಹಿಡಿದು ಕೂತೆ. ಜುಲೈ 21 ಖಾಲಿ, ಅಂದು ಏಕಾದಶಿ. ಆಗಸ್ಟ್ 5 ಖಾಲಿ, ಅಂದು ಏಕಾದಶಿ. ಆಮೇಲೆ ಒಂದೊಂದೇ ತಿಂಗಳು ತಾಳೆ ನೋಡಿ ಇವತ್ತು ಮುಗಿಸಿದೆ. ವರ್ಷದ ಇಪ್ಪತ್ತನಾಲ್ಕು ಏಕಾದಶಿಗಳಲ್ಲಿ ಐದು ರಜೆಯ ದಿನ ಬಿದ್ದಿವೆ. ಉಳಿದ ಹತ್ತೊಂಬತ್ತೂ ಈ ರಿಜಿಸ್ಟರಿನಲ್ಲಿ ಖಾಲಿ. ದಶಮಿಗೆ ತಪಾಸಣೆ ಇದೆ, ದ್ವಾದಶಿಗೆ ಇದೆ. ಎರಡು ಸಲ ಬೇರೆಯವರ ಏಕಾದಶಿ ಒಂದು ದಿನ ಮೊದಲು ಬಂದಿದೆ. ಆಗಲೂ ಖಾಲಿ ಬಿಟ್ಟದ್ದು ನಮ್ಮ ಮಠದವರು ಮಾಡುವ ದಿನ.

ನಿಮ್ಮ ಆಫೀಸಿನಲ್ಲಿ ಮೋರಿ ನೋಡುವವರ ಪೈಕಿ ನೀರೂ ಮುಟ್ಟದೆ ಏಕಾದಶಿ ಮಾಡುವವರು, ಆ ದಿನ ಬಿಸಿಲಿಗೆ ಇಳಿಯದೆ ಟೇಬಲ್ಲಿಗೇ ಕೂರುವವರು ಎಷ್ಟು ಜನ, ಪ್ರಾಣ್ಯಾ?

ನೀನು ತೆರಿಗೆ ವಿಭಾಗಕ್ಕೆ ಯಾವಾಗ ಹೋದೆ?

ಮಂದಾಕಿನಿ


ಕಾಚಿಗೂಡ
18 ಫೆಬ್ರವರಿ 2007

ಅಕ್ಕನಿಗೆ,

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು. ತೆರಿಗೆ ವಿಭಾಗಕ್ಕೆ ನಾನು ಹೋಗಿಲ್ಲ. ನಾನು ಇವತ್ತಿಗೂ ವರ್ಕ್ ಇನ್‌ಸ್ಪೆಕ್ಟರೇ. ಶಾಂತಿವನ ನನ್ನದೇ.

ಸೆಪ್ಟೆಂಬರಿನಲ್ಲಿ ಅರ್ಜಿ ಬಂದಾಗ ಆಫೀಸಿನಲ್ಲಿ ಅಂಥ ರಿಜಿಸ್ಟರೇ ಇರಲಿಲ್ಲ. ಇರಬೇಕೆಂದು ನಿಯಮವಿತ್ತು, ಯಾರೂ ಕೇಳಿರಲಿಲ್ಲ. ಎಂಜಿನಿಯರ್ ಸಾಹೇಬರು ನನ್ನನ್ನು ಒಳಗೆ ಕರೆದು ಹೊಸ ಪುಸ್ತಕ ಕೈಗಿಟ್ಟು, ವರ್ಷದ್ದು ಬರೆದು ತನ್ನಿ ಎಂದರು. ನಡುವೆ ಒಂದಿಷ್ಟು ದಿನ ಖಾಲಿ ಬಿಡಿ, ಇಲ್ಲದಿದ್ದರೆ ಯಾರೂ ನಂಬುವುದಿಲ್ಲ ಎಂದೂ ಹೇಳಿದರು. ಎರಡು ಭಾನುವಾರ ಮನೆಯಲ್ಲಿ ಊಟದ ಟೇಬಲ್ಲಿಗೆ ಕೂತು ಬರೆದೆ. ಮೂರು ಪೆನ್ನು ಬದಲಿಸಿದೆ. ಹಳೆಯದಾಗಿ ಕಾಣಲಿ ಎಂದು ಎರಡು ಪುಟಕ್ಕೆ ಚಹಾ ತಾಗಿಸಿದೆ. ನಕಲು ಯಂತ್ರಕ್ಕೆ ಹಾಕಿದಾಗ ಮೂರು ಶಾಯಿಯೂ ಒಂದೇ ಕರಿ ಬಣ್ಣವಾಗಿ ಬಂತು. ಭಾನುವಾರ ಯಾವುದು ಎಂದು ನೋಡಲು ಗೋಡೆಯ ಮೇಲೆ ಇದ್ದದ್ದು ಮಠದ ಕ್ಯಾಲೆಂಡರ್ ಒಂದೇ. ಬೇಕೆಂದು ಏಕಾದಶಿ ಬಿಟ್ಟದ್ದಲ್ಲ ಅಕ್ಕ. ಸುಳ್ಳು ಬರೆಯುವಾಗಲೂ ಏಕಾದಶಿಯ ದಿನ ಬೀದಿ ಸುತ್ತಲು ಮನಸ್ಸಾಗಲಿಲ್ಲ, ಅಷ್ಟೇ. ನಿನ್ನ ಕಾಗದ ಓದುವವರೆಗೆ ಅದು ನನಗೇ ಗೊತ್ತಿರಲಿಲ್ಲ.

ಸೇರಿದ ಹೊಸದರಲ್ಲಿ ನಾನು ವರದಿಗಳಲ್ಲಿ ನಿಜವನ್ನೇ ಬರೆಯುತ್ತಿದ್ದೆ. ಮುಚ್ಚಳ ಇಲ್ಲ ಎಂದು ಬರೆದರೆ ತರಿಸಬೇಕು. ತರಿಸಲು ಮಂಜೂರಾತಿ ಇಲ್ಲ. ಆದ್ದರಿಂದ ಬರೆದವನದೇ ತಪ್ಪು ಎಂದಾಯಿತು. ಎರಡು ಮೆಮೊ ತಿಂದ ಮೇಲೆ ಬರೆಯುವುದು ಬಿಟ್ಟೆ. ಮಂಡಿ ಹೋದ ಮೇಲೆ ನೋಡುವುದನ್ನೂ ಬಿಟ್ಟೆ. ನನಗೆ ದಣಿವಾಗಿದೆ. ಎರಡು ವರ್ಷ ಹೇಗೋ ದೂಡಿದರೆ ಮುಗಿಯಿತು ಎಂದುಕೊಂಡಿದ್ದೆ. ಬಿದ್ದವಳು ನಿನ್ನ ಶಿವದೇವಿ ಎಂದು ಬರೆಯುವಾಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಬರೆಯುತ್ತಿರಲಿಲ್ಲ ಎಂದು ಹೇಳಲು ಧೈರ್ಯವಿಲ್ಲ.

ಅವಳಿಗೆ ಹೇಳಿದೆಯಾ?

ಪ್ರಾಣೇಶ


ರಾಯಚೂರು
26 ಫೆಬ್ರವರಿ 2007

ಪ್ರಾಣೇಶ,

ಹೇಳಿಲ್ಲ. ಅವಳು ಪ್ರತಿ ಭಾನುವಾರ ಹತ್ತಿ ಬಂದು ಏನಾದರೂ ಸಿಕ್ಕಿತೇ ಎಂದು ಕೇಳುತ್ತಾಳೆ. ಇಲ್ಲವ್ವ, ಕಣ್ಣು ಸಾಲದು ಎನ್ನುತ್ತೇನೆ. ಮೂವತ್ತೆರಡು ವರ್ಷ ಪಾಠ ಮಾಡಿದ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತದೆ ನೋಡು. ನಿನಗೆ ಬಯ್ಯಬೇಕೆಂದು ಕೂತರೆ ನನ್ನದೇ ನೆನಪಾಗುತ್ತದೆ.

ನಿನ್ನ ಹೆಸರು ನಾನಾಗಿ ಎತ್ತುವುದಿಲ್ಲ. ನನ್ನ ಕೈಲಾಗುವುದಿಲ್ಲ. ಅಮ್ಮ ಹೋದಾಗ ನಿನಗೆ ಆರು ವರ್ಷ. ತಲೆ ಬಾಚಿ ಶಾಲೆಗೆ ಕಳಿಸಿದವಳು ನಾನು. ಆದರೆ ಪ್ರಶ್ನೆ ಕೇಳುವುದನ್ನು ಅವಳಿಗೂ ನಾನೇ ಕಲಿಸಿದವಳು. ವೈಜನಾಥ ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು, ಹೊಸದೊಂದು ಕೇಳು ಎಂದೆ. ಈ ಸಲ ಅವಳು ತನ್ನ ಹೆಸರಿನಲ್ಲಿ, ತನ್ನ ಕೈಯಿಂದ ಅರ್ಜಿ ಬರೆದು ಹೋದ ವಾರ ಅಂಚೆಗೆ ಹಾಕಿದ್ದಾಳೆ. ಒಂದೇ ಸಾಲು. ಜುಲೈ 31ರ ತಪಾಸಣೆಯನ್ನು ರಿಜಿಸ್ಟರಿನಲ್ಲಿ ಬರೆದದ್ದು ಯಾವ ದಿನ, ಬರೆದವರು ಯಾರು?

ಅದು ನಿನ್ನ ಟೇಬಲ್ಲಿಗೆ ಬರುತ್ತದೆ. ಮೂವತ್ತು ದಿನ ಇದೆ.

ಮಂದಾಕಿನಿ


ಕಾಚಿಗೂಡ
15 ಮಾರ್ಚ್ 2007, ಏಕಾದಶಿ

ಅಕ್ಕನಿಗೆ ಪ್ರಾಣೇಶನ ನಮಸ್ಕಾರಗಳು.

ಇವತ್ತು ಬೆಳಿಗ್ಗೆ ಶಾಂತಿವನಕ್ಕೆ ಹೋದೆ. ಬಸ್ಸಿಳಿದು ಮೂರು ಗಲ್ಲಿಯನ್ನೂ ನಡೆದೆ. ಬಾಯಿ ಒಣಗಿ ನಾಲಿಗೆ ಅಂಟುತ್ತಿತ್ತು, ಎರಡು ಕಡೆ ಕಟ್ಟೆಯ ಮೇಲೆ ಕೂತು ಎದ್ದೆ. ಅವಳು ಬಿದ್ದ ಗುಂಡಿಗೆ ಇವತ್ತಿಗೂ ಮುಚ್ಚಳವಿಲ್ಲ. ಯಾರೋ ಮುರಿದ ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಲೆಕೆಳಗಾಗಿ ಅದರೊಳಗೆ ಇಳಿಸಿದ್ದಾರೆ, ಬರುವವರಿಗೆ ಕಾಣಲಿ ಎಂದು. ನಾಲ್ಕು ಕಾಲು ಮೇಲೆ ಇದ್ದವು. ಏಳು ತಿಂಗಳಿನಿಂದ ಆ ಬೀದಿಯನ್ನು ಕಾಯುತ್ತಿರುವುದು ಅದೇ.

ಮುಂದಿನ ತಿರುವು ದಾಟಿದರೆ ವೈಜನಾಥನ ಅಂಗಡಿ. ನಾನೇ ಬರೆದವನು ಎಂದು ಹೇಳಬೇಕೆಂದೇ ಹೋಗಿದ್ದೆ. ಏನು ಬೇಕು ಎಂದು ಕೇಳಿದ. ಒಂದು ಸೋಪು ಕೊಂಡು ಬಂದೆ.

ಆಫೀಸಿಗೆ ಬಂದು ರಿಜಿಸ್ಟರ್ ತೆಗೆದು ಇವತ್ತಿನ ತಾರೀಖು ಹಾಕಿ ಕಂಡದ್ದನ್ನು ಬರೆದೆ. ಅದರ ಕೆಳಗೆ, ಇದಕ್ಕೆ ಹಿಂದಿನ ವರ್ಷದ ಎಲ್ಲ ಸಾಲುಗಳನ್ನೂ 2006ರ ಅಕ್ಟೋಬರಿನ ಎರಡು ಭಾನುವಾರಗಳಲ್ಲಿ ನಾನು ಮನೆಯಲ್ಲಿ ಕೂತು ಬರೆದದ್ದು, ಯಾವ ದಿನವೂ ಸ್ಥಳಕ್ಕೆ ಹೋಗಿರಲಿಲ್ಲ ಎಂದು ಬರೆದು ಪೂರ್ತಿ ಹೆಸರಿನಲ್ಲಿ ಸಹಿ ಹಾಕಿದೆ. ಸಾಹೇಬರು ಬರೆಯಲು ಹೇಳಿದ್ದರೆಂಬುದನ್ನೂ ಬಿಡಲಿಲ್ಲ. ಸಾಹೇಬರು ಬಾಗಿಲು ಹಾಕಿಸಿ ಮುಕ್ಕಾಲು ಗಂಟೆ ಮಾತಾಡಿದರು. ಎರಡು ವರ್ಷ ಸುಮ್ಮನಿರಲಾಗದೇ ಎಂದರು. ಬೈಯಲೂ ಇಲ್ಲ, ಅವರಿಗೂ ಸಾಕಾಗಿದೆ. ಉತ್ತರಕ್ಕೆ ಅವರು ಸಹಿ ಮಾಡಲಿಲ್ಲ. ನಾನೇ ಮಾಡಿ ಆ ಪುಟದ ನಕಲು ಇಟ್ಟು ಶಿವದೇವಿಯ ಹೆಸರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಸಂಜೆಗೆ ನನಗೆ ಮೆಮೊ ಬಂತು. ಪ್ರಫುಲ್ಲಾಗೆ ನಾಳೆ ಪಾರಣೆಯಾದ ಮೇಲೆ ಹೇಳುತ್ತೇನೆ.

ನಿನಗೂ ಹೇಳದ ಒಂದು ಮಾತಿದೆ. ಆಗ ಬರೆಯಲು ಕೈ ಬರಲಿಲ್ಲ. ಜುಲೈ 26ರಂದು ಆ ಗಲ್ಲಿಯಿಂದ ಯಾರೋ ಆಫೀಸಿಗೆ ಫೋನ್ ಮಾಡಿ ಮುಚ್ಚಳ ಕಳುವಾಗಿದೆ ಎಂದಿದ್ದರು. ಫೋನ್ ಎತ್ತಿದವನು ನಾನು. ಚೀಟಿಯಲ್ಲಿ ಬರೆದು ಟೇಬಲಿನ ಗಾಜಿನ ಕೆಳಗೆ ಇಟ್ಟೆ, ನಾಳೆ ಹೋದರಾಯಿತು ಎಂದು. ಅವಳು ಬಿದ್ದದ್ದು ಅದಾಗಿ ಏಳು ದಿನಕ್ಕೆ. ರಿಜಿಸ್ಟರ್ ಬರೆದಾಗ ಆ ಚೀಟಿ ಅಲ್ಲೇ ಇತ್ತು, ಇಲ್ಲಿಯವರೆಗೂ ಇತ್ತು. ಅದನ್ನೂ ಅವಳಿಗೆ ಕಳಿಸಿದ್ದೇನೆ.

ಪ್ರಾಣೇಶ


ರಾಯಚೂರು
26 ಮಾರ್ಚ್ 2007

ಚಿ. ಪ್ರಾಣೇಶನಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಮೊದಲು ಬಂತು, ಅವಳದು ಯುಗಾದಿಯ ಮಾರನೆಯ ದಿನ ಬಂತು. ಅವಳು ಯಾರಿಂದಲೂ ಓದಿಸಲಿಲ್ಲ. ಗಂಡನಿಗೆ ಫೋನ್ ಮಾಡಿ ಬಾ ಎಂದಷ್ಟೇ ಹೇಳಿದಳು. ಶನಿವಾರ ವೈಜನಾಥ ಬಂದ. ತಾಯಿಯ ಮನೆಯ ಪಡಸಾಲೆಯಲ್ಲಿ ಎಲ್ಲರ ಎದುರಿಗೆ ಅವನಿಂದಲೇ ಗಟ್ಟಿಯಾಗಿ ಓದಿಸಿದಳಂತೆ. ಚೀಟಿಗೆ ಬಂದಾಗ ಅವನಿಗೆ ಓದಲಾಗಲಿಲ್ಲ. ಫೋನ್ ಮಾಡಿದವನು ಅವನೇ. ಅಂಗಡಿಗೆ ಬಂದ ಗಿರಾಕಿ ಯಾರೋ ಹೇಳಿದರೆಂದು ಮಾಡಿ, ಮಾಡಿದ್ದನ್ನು ಮರೆತೇಬಿಟ್ಟಿದ್ದ.

ನೀನು ಮಾಡಿದ್ದು ಸರಿ. ತಡವಾಗಿ ಮಾಡಿದೆ, ಆದರೆ ಸರಿ. ಮನೆಗೆ ಕಳಿಸಿದರೆ ಇಲ್ಲಿಗೆ ಬಂದುಬಿಡು. ಇಬ್ಬರಿಗೂ ಜಾಗ ಸಾಕಾಗುತ್ತದೆ.

ನಿನ್ನೆ ಭಾನುವಾರ ಅವಳು ಬಂದಳು. ಊರಿಗೆ ಹೊರಡುವ ಮೊದಲು ನಮಸ್ಕಾರ ಮಾಡಲು ಬಂದಿದ್ದಾಳೆ ಎಂದುಕೊಂಡು ಚಹಾಕ್ಕಿಟ್ಟೆ. ಅವಳು ಕೂರಲಿಲ್ಲ. ಕಾಗದ ಬಿಚ್ಚಿ ಕೆಳಗಿನ ಸಹಿಯಲ್ಲಿ ನಮ್ಮ ಮನೆತನದ ಹೆಸರಿನ ಮೇಲೆ ಬೆರಳಿಟ್ಟಳು.

"ಇವರು ನಿಮ್ಮ ತಮ್ಮ ಅಲ್ಲೇನ್ರಿ ಬಾಯಾರ?"

ಹೌದು ಎಂದೆ.

"ನಿಮಗ ಯಾವಾಗ ಗೊತ್ತಾತ್ರಿ?"

ಮೊನ್ನೆ ಎನ್ನಬಹುದಿತ್ತು. ಬಾಯಿ ತುದಿಗೆ ಬಂದಿತ್ತು. ಜನವರಿ 28ಕ್ಕೆ ಎಂದೆ. ಅವಳು ಬೆರಳು ಮಡಚಿ ಎಣಿಸಿದಳು. ಶಾಲೆಯಲ್ಲಿ ನಾನೇ ಬಿಡಿಸಿದ್ದ ಅಭ್ಯಾಸ ಅದು.

"ಎಂಟು ವಾರ ಆತ್ರಿ," ಎಂದಳು. "ಎಂಟು ಸಲ ಬಂದು ಕೇಳೀನ್ರಿ ನಾ."

ಅವಳು ಕಾಗದ ಮಡಚಿ ಸೆರಗಿನಲ್ಲಿ ಕಟ್ಟಿಕೊಂಡು ಹೊರಟಳು. ಬಯ್ದಿದ್ದರೆ ಚೆನ್ನಾಗಿತ್ತು. ಕೈ ಹಿಡಿಯಲು ಹೋದೆ, ಬೇಡ ಎಂದು ಗೋಡೆ ಹಿಡಿದುಕೊಂಡಳು. ಫೋನಿನ ಮಾತೂ ಕೇಳಿಸದ ಈ ಕಿವಿಗೆ ಅವಳ ಕೋಲಿನ ಸಪ್ಪಳ ಹನ್ನೊಂದು ಮೆಟ್ಟಿಲೂ ಕೇಳಿಸಿತು.

ಮಂದಾಕಿನಿ